ಡೇಲ್ ಕೇಳಿದ ಅಟ್ಟೆ

ಮಧ್ಯಾಹ್ನದ ಗಾಳಿಗೆ ಟೋಟೆಮ್ ಲೇಕ್ ಬಡಾವಣೆಯ ಶೇಖರಪ್ಪನವರ ಮನೆಯಲ್ಲಿ ಕರೆಂಟು ಹೋಗಿತ್ತು. ನವೆಂಬರ್ ಆದ್ದರಿಂದ ನಾಲ್ಕೂವರೆಗೇ ಕತ್ತಲೆ, ಮೇಲೆ ಬಿಡದ ಮಳೆ. ಅಪ್ಪನನ್ನು ಲಿನ್‌ವುಡ್‌ನ ತನ್ನ ಮನೆಗೆ ಕರೆದೊಯ್ಯಲು ಸಾಮಾನು ಕಟ್ಟುತ್ತಿದ್ದ ಸ್ಮಿತಾ ಕೊನೆಗೆ ಉಳಿದದ್ದನ್ನು ಕೈಗೆತ್ತಿಕೊಂಡಳು. ಅದು ಎಡಗಾಲಿನ ಬೂಟಿನಡಿ ಪಟ್ಟಿ ಬಿಗಿದು ಕಟ್ಟುವ ಕಬ್ಬಿಣದ ಅಟ್ಟೆ. ಶೇಖರಪ್ಪ ಹದಿನಾಲ್ಕು ವರ್ಷ ಮಣ್ಣಿನ ಟ್ರ್ಯಾಕಿನಲ್ಲಿ ಸ್ಪೀಡ್‌ವೇ ರೇಸಿನ ಬೈಕು ಓಡಿಸಿದ್ದು ಇಂಥದ್ದನ್ನು ಕಟ್ಟಿಕೊಂಡೇ. ಈಗ ಸಕ್ಕರೆ ಕಾಯಿಲೆಗೆ ಎಡಗಾಲನ್ನೇ ಕಳೆದುಕೊಂಡು ನಾಲ್ಕು ವರ್ಷವಾಗಿತ್ತು.

"ಅಪ್ಪಾ, ಇದನ್ನ ಎಸೆದುಬಿಡ್ತೀನಿ."

"ಅದು ಬರದಿದ್ರ ನಾನೂ ಬರಂಗಿಲ್ಲ. ಕೂಡ್ರಿ ಇಬ್ರೂ."

ಮೊಮ್ಮಗಳು ಮೇಘನಾ ಫೋನಿನ ಟಾರ್ಚ್ ಹಚ್ಚಿ ನೆಲದ ಮೇಲೆ ಕೂತಳು. ಸ್ಮಿತಾ ಬೇಸರದಿಂದಲೇ ಕೂತಳು.

"ಆ ಬೈಕಿಗೆ ಬ್ರೇಕ ಇರಂಗಿಲ್ಲ, ಗೊತ್ತೇನು? ನಾಕು ಮಂದಿ, ನಾಕು ಸುತ್ತು, ಎಲ್ಲಾ ತಿರುವೂ ಎಡಕ್ಕ... ಎಡಗಾಲು ಮಣ್ಣಿಗೆ ಊರಿ, ಬೈಕು ಅಡ್ಡಡ್ಡ ಜಾರಿಸಿಕೋತ ಹೋಗೂದು. ಬರೇ ಬೂಟು ಮಣ್ಣಿಗೆ ಸಿಕ್ಕೊಂಡ್ರ ಮುಗೀತು. ಅದಕ್ಕ ಈ ಅಟ್ಟೆ. ಸವದಂಗ ವೆಲ್ಡಿಂಗ್ ಮಾಡಿಸಿ ದಪ್ಪ ಮಾಡಿಸ್ತಿದ್ವಿ.

"ಎಂಬತ್ತಾರನೇ ಇಸ್ವಿ. ಸೀಸನ್ನಿನ ಕಡೀ ರೇಸಿನ ದಿನಾನ ಆಯುಧಪೂಜಿ. ವ್ಯಾನಿನ ಹಿಂದ ಬೈಕು, ನಟ್ಟು ಬಿಗಿಯೂ ಪಾನಾ, ಈ ಅಟ್ಟೆ ಎಲ್ಲಾ ಸಾಲಾಗಿಟ್ಟು ಕುಂಕುಮ ಹಚ್ಚಿದ್ನಿ. ಪೂಜಿಗಿಟ್ಟಿದ್ದನ್ನ ಮರುದಿನದ ತನಕ ಮುಟ್ಟಬಾರದು, ಹಂಗಾಗಿ ನಾ ಅವತ್ತು ಓಡಸಲಿಲ್ಲ. ಗೆಳೆಯ ಡೇಲ್ ಬಂದ. ಅವನ ಅಟ್ಟೆ ಸೀಳಿತ್ತು, ಕಾಲಿನ ಅಳತಿ ಇಬ್ರದೂ ಒಂದ. 'ಶೇಖರ್, ಒಂದ ರೇಸಿಗೆ ಕೊಡು' ಅಂದ. ನಾ ಏನಂದೆ? ಇವತ್ತಾಗೂದಿಲ್ಲ, ನಾಳೆ ತಗೋ, ಅಂದೆ... ನಾಳೆ. ಅವ ನಕ್ಕು, ಕುಂಕುಮಕ್ಕ ಕೈಮುಗದು, ಸೀಳಿದ್ದನ್ನ ತಂತಿಲೆ ಬಿಗದು ಹೋದ. ಮೂರನೇ ಸುತ್ತಿನಾಗ ತಂತಿ ಹರೀತು. ಬೇಲಿಗೆ ಬಡದ ಸಪ್ಪಳ ವ್ಯಾನಿನ ತನಕ ಕೇಳಿಸ್ತು. ಅವನ ಸಾವಿಗೆ ನಾನ ಕಾರಣ. ಆ ಮಾತನ್ನ ಯಾರ ಮುಂದೂ ಅಲ್ಲಗಳದಿಲ್ಲ.

"ಮುಂದಿನ ವರ್ಷ, ಪೂಜಿಯ ಮರುದಿನ, ಇದನ್ನ ಮುಚ್ಚಿಟ್ಟಿದ್ದ ಪೆಟ್ಟಿಗಿ ತಗದೆ. ವರ್ಷಿಡೀ ಯಾರೂ ಮುಟ್ಟದ ಅಟ್ಟೆ ಅರ್ಧಾ ಸವದಿತ್ತು. ಬೆಚ್ಚಗಿತ್ತು... ಸಂದಿನಾಗ ಹಸೀ ಮಣ್ಣು. ಪುರೋಹಿತರು ಸರೋವರಕ್ಕ ಒಗೀರಿ ಅಂದ್ರು. ನಿಮ್ಮವ್ವ ಗಂಗವ್ವ ಅತ್ಲು. ನಾ ಒಗೀಲಿಲ್ಲ. ಹೆದರಿ ಒಗದ್ರ ಅವಗ ಎರಡನೇ ಸಲ ಇಲ್ಲ ಅಂದಂಗ. ದೆವ್ವ ಬರಲಿ, ದೇವರ ಬರಲಿ, ಇನ್ನೊಮ್ಮೆ ಆ ಮಾತು ಆಡಂಗಿಲ್ಲ. ನಾ ಬ್ಯಾರೆ ಅಟ್ಟೆ ಕಟ್ಟಿಕೊಂಡು ಇನ್ನೂ ಐದು ವರ್ಷ ಓಡಿಸಿದ್ನಿ. ಇದು ಅವಂದು. ವರ್ಷಾ ವರ್ಷಾ ದಪ್ಪ ಮಾಡಿಸಿ ಇಡ್ತೇನಿ, ಅವ ಒಯ್ದು ಓಡಿಸಿ ತಂದಿಡ್ತಾನ. ಆ ಟ್ರ್ಯಾಕಿನ ಮ್ಯಾಲ ಅಪಾರ್ಟ್‌ಮೆಂಟ್ ಎದ್ದಾವ. ಆದ್ರೂ ಓಡಸ್ತಾನ."

"ನೀವೇ ಉಜ್ಜಿರ್ತೀರಿ," ಎಂದು ಸ್ಮಿತಾ ಅಟ್ಟೆಯನ್ನು ತಿರುಗಿಸಿದಳು. ಸೆಪ್ಟೆಂಬರಿನಲ್ಲಿ ಅಪ್ಪನ ಹಟಕ್ಕೆ ಗೊಣಗುತ್ತ ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದವಳು ಅವಳೇ. ಬೆರಳಿನಷ್ಟು ದಪ್ಪ ಹಾಕಿಸಿ ತಂದಿದ್ದಳು. ಈಗ ಹಿಮ್ಮಡಿಯ ಕಡೆ ತಗಡಿನಷ್ಟೇ ಉಳಿದಿತ್ತು. ಅವಳಿಗೆ ಭಯವಾಯಿತು. ಕೈಯಿಂದ ಉಜ್ಜಿ ಎರಡು ತಿಂಗಳಲ್ಲಿ ಇಷ್ಟು ಸವೆಸಲಾಗದು; ಅಪ್ಪ ಒಬ್ಬರೇ ಇದ್ದ ಈ ಮನೆಯಲ್ಲಿ ಅದನ್ನು ಕಟ್ಟಿಕೊಳ್ಳಲು ಎಡಗಾಲೇ ಇರಲಿಲ್ಲ.

"ಅಜ್ಜ, ಈಸ್ ಹೀ ಆಂಗ್ರಿ?" ಮೇಘನಾ ಕೇಳಿದಳು.

"ಇಲ್ಲವ್ವಾ. ಕೇಳಿದಾಗ ಕೊಟ್ರ ಅವಗ ಸಿಟ್ಟಿಲ್ಲ."

ಸ್ಮಿತಾ ಅಟ್ಟೆಯನ್ನು ಟವೆಲ್ಲಿನಲ್ಲಿ ಸುತ್ತಿ ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡಳು. ಶೇಖರಪ್ಪ ಊರುಗೋಲು ಹುಡುಕುತ್ತ ಎದ್ದರು.

"ಲಿನ್‌ವುಡ್ ಮನಿ ದಾರಿ ನಿನ್ನೇನ ಹೇಳೇನಿ ಅವಗ. ಎಡಕ್ಕಷ್ಟ ಹೊಳ್ಳೂದು ಗೊತ್ತು ನೋಡ್ರಿ... ಸ್ವಲ್ಪ ಸುತ್ತು ಹಾಕಿ ಬರ್ತಾನ."