ಭಾವನ ಅಡುಗೆ

ದೇಗು ನಗರದ ಬಸ್ಸಿನಲ್ಲಿ ಮುಂದಿನ ಸೀಟಿನ ವಯಸ್ಸಾದ ಅಕ್ಕತಂಗಿಯರ ಮಾತು ಹಿಂದೆ ಕೂತಿದ್ದ ಮಲ್ಸುನಳ ಕಿವಿಗೆ ಬೀಳುತ್ತಿತ್ತು.

"ನಲವತ್ತು ವರ್ಷ ಒಲೆ ಕಡೆ ತಲೆ ಹಾಕದ ನಿನ್ನ ಭಾವ ಈಗ ದಿನಾ ಅಡುಗೆ ಮಾಡ್ತಾರೆ ಕಣೇ. ನಿನ್ನೆ ದನದ ಮಾಂಸಕ್ಕೆ ಸೋಯಾ ಸಾಸು, ಪೇರ್ ಹಣ್ಣಿನ ತುರಿ ಹಚ್ಚಿ ನೆನೆಸಿ ಸುಟ್ಟಿದ್ರು. ಜೊತೆಗೆ ಸೌತೆಕಾಯಿ ಬೇರೆ, ಖಾರ ಕಲಸಿ."

"ತಿನ್ನಕ್ಕ ಸುಮ್ನೆ."

"ಯಾವಳು ಕಲಿಸಿದ್ಲು ಅಂತ?"

"ಕೇಳಿದ್ಯಾ?"

"ಸಮುದಾಯ ಭವನದಲ್ಲಿ ಗಂಡಸರಿಗೆ ಹೇಳಿಕೊಡ್ತಾರಂತೆ. ನಂಬೋ ಮಾತಾ ಇದು?"

"ನಿನ್ನ ಗಡ್ಡೆ ವಿಷಯ ಅವರಿಗೆ ಹೇಳಿದ್ಯಾ?"

"ಇಲ್ಲ. ಆಸ್ಪತ್ರೆ ಚೀಟಿನ ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಿದ್ದೀನಿ."

"ಅಕ್ಕ, ಈಗ ಅನ್ನಕ್ಕೆ ಅಕ್ಕಿ ತೆಗೆಯೋದು ಯಾರು?"

"ನಿನ್ನ ಭಾವಾನೇ..." ಎಂದಳು ಅಕ್ಕ. ಬಸ್ಸು ಮಾರುಕಟ್ಟೆ ಮುಂದೆ ನಿಂತಿತು. ತಂಗಿ ತೋಳು ಹಿಡಿದು ಅವಳನ್ನು ಮೆಲ್ಲಗೆ ಇಳಿಸಿಕೊಂಡಳು.