ಅಪ್ಪನ ಕಾಯಿ, ಮಗಳ ಕಾಯಿ

ಇವತ್ತಿನ ಪ್ರವಚನದಲ್ಲಿ ದೇವರ ಹತ್ತಿರ ಏನು ಕೇಳಬೇಕು ಎಂಬ ಮಾತು ಬಂತಲ್ಲ, ಅದಕ್ಕೊಂದು ಕಥೆ ಹೇಳುತ್ತೇನೆ. ಹಿಂದುಗಡೆಯವರು ಸ್ವಲ್ಪ ಮುಂದೆ ಸರಿದು ಕೂತುಕೊಳ್ಳಿ. ಫೋನು ಒಳಗಿಡಿ. ಕಥೆ ನಿಮ್ಮದೇ. ರೆಕಾರ್ಡ್ ಮಾಡಿ ಪಕ್ಕದ ಮನೆಯವರಿಗೆ ಕಳಿಸುವ ಅಗತ್ಯವಿಲ್ಲ.

ಒಂದು ಊರು, ಅಲ್ಲೊಬ್ಬ ಸಿರಿವಂತ. ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಒಂದಿಬ್ಬರು ಎದ್ದು ಹೋದೀರಿ. ಟೈಲ್ಸ್ ವ್ಯಾಪಾರ, ಸ್ವಂತ ಮನೆ, ಒಳ್ಳೆಯ ಹೆಂಡತಿ, ಹನ್ನೊಂದು ವರ್ಷದ ಒಬ್ಬಳೇ ಮಗಳು. ಅವನು ಕೆಟ್ಟವನಲ್ಲ, ನೋಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರ ಕಥೆಯಾದರೆ ನಮಗೆ ಸಂಬಂಧವಿಲ್ಲ ಅಂತ ಹಾಯಾಗಿ ಕೂತುಬಿಡುತ್ತೀರಿ. ಇವನು ಮಗಳೆಂದರೆ ಪ್ರಾಣ ಬಿಡುವವನು.

ಆ ಹುಡುಗಿಗೆ ಫುಟ್‌ಬಾಲ್ ಹುಚ್ಚು. ಮನೆ ಮುಂದಿನ ರಸ್ತೆಯಲ್ಲಿ ಚೆಂಡು ಒದೆಯುತ್ತಲೇ ಬೆಳೆದಳು. ಗೇಟಿಗೆ ಹೊಡೆದಳು, ಹೂಕುಂಡಕ್ಕೆ ಹೊಡೆದಳು, ಎದುರು ಮನೆಯವರು ಒಣಹಾಕಿದ್ದ ಸಂಡಿಗೆಗೂ ಹೊಡೆದಳು. ಬೈಸಿಕೊಂಡು ನಗುತ್ತಾ ಒಳಗೆ ಬರುತ್ತಿದ್ದಳು. ಅಪ್ಪ ನೋಡಿದ. ಮಗಳ ಕಾಲಿನಲ್ಲಿ ಏನೋ ಇದೆ ಅನ್ನಿಸಿತು. ಇತ್ತು ಕೂಡ. ಅಕಾಡೆಮಿಗೆ ಸೇರಿಸಿದ. ತಪ್ಪೇ? ಖಂಡಿತ ಅಲ್ಲ.

ಆಮೇಲೆ ಏನಾಯಿತು? ಬೆಳಿಗ್ಗೆ ಒಂದು ಅಕಾಡೆಮಿ, ಸಂಜೆ ಇನ್ನೊಂದು ಕ್ಲಬ್ಬು. ಶನಿವಾರ ಶಾಲೆಯ ತಂಡ, ಭಾನುವಾರ ಟೂರ್ನಿ. ಅಜ್ಜಿ ಮನೆಗೆ ಹೋಗುವುದು ಬಂದ್, ಗೆಳತಿಯ ಬರ್ತ್‌ಡೇ ಬಂದ್, ಗೋಬಿ ಮಂಚೂರಿ ಬಂದ್. ಪಂದ್ಯ ಮುಗಿಸಿ ಕಾರು ಹತ್ತಿದರೆ ಅಲ್ಲಿ ಎರಡನೇ ಪಂದ್ಯ ಶುರು. ‘ಆ ಪಾಸ್ ಯಾಕೆ ಕೊಟ್ಟೆ? ನೀನೇ ಹೊಡೀಬಹುದಿತ್ತಲ್ಲ? ನಾನು ಅಷ್ಟು ಕೂಗ್ತಾ ಇದ್ದೆ, ಕೇಳಿಸ್ಲಿಲ್ವಾ?’ ಇಡೀ ಮೈದಾನಕ್ಕೆ ಕೇಳಿಸಿತ್ತು, ಸ್ವಾಮಿ.

ಹುಡುಗಿ ಮೆಲ್ಲಗೆ ಬಾಡತೊಡಗಿದಳು. ಊಟ ತಟ್ಟೆಯಲ್ಲೇ ಉಳಿಯಿತು. ಭಾನುವಾರ ಬಂತೆಂದರೆ ಹೊಟ್ಟೆನೋವು. ತಾಯಿ ಹೇಳಿದಳು, ‘ರೀ, ಮಗು ಸುಸ್ತಾಗಿ ಹೋಗಿದೆ. ಸ್ವಲ್ಪ ದಿನ ಬಿಟ್ಬಿಡೋಣ.’

‘ಈಗ ಬಿಟ್ರೆ ಸೆಲೆಕ್ಷನ್ ಕೈತಪ್ಪಿ ಹೋಗತ್ತೆ ಕಣೇ. ಒಂದ್ಸಲ ರಾಜ್ಯ ತಂಡಕ್ಕೆ ಬರ್ಲಿ. ಆಮೇಲೆ ಬೇಕಾದಷ್ಟು ರೆಸ್ಟ್ ತಗೊಳ್ಲಿ.’

ಆಮೇಲೆ. ಈ ‘ಆಮೇಲೆ’ ಅನ್ನುವುದು ಯಾರ ಮನೆಗಾದರೂ ಬಂದದ್ದುಂಟೇ? ನಿಮ್ಮ ಮನೆಗೆ ಬಂದಿದೆಯೇ?

ಸೆಲೆಕ್ಷನ್ ಹತ್ತಿರವಾಯಿತು. ಆ ಊರಿನಲ್ಲೊಂದು ಆಂಜನೇಯನ ಗುಡಿ. ಅಲ್ಲಿ ಹರಕೆಯ ಕಾಯಿ ಕಟ್ಟುವ ಪದ್ಧತಿ. ಮನಸ್ಸಿನಲ್ಲಿ ಒಂದು ಕೋರಿಕೆ ಇಟ್ಟುಕೊಂಡು ಇಡೀ ತೆಂಗಿನಕಾಯಿಯನ್ನು ದೇವರ ಮುಂದೆ ಕಟ್ಟಬೇಕು. ಅರ್ಚಕರು ಹೇಳಿದಷ್ಟು ದಿನದ ಅವಧಿ ಮುಗಿಯುವವರೆಗೆ ದಿನಾ ಬಂದು ಪ್ರದಕ್ಷಿಣೆ ಹಾಕಬೇಕು. ಕೋರಿಕೆಯನ್ನು ಯಾರಿಗೂ ಹೇಳುವಂತಿಲ್ಲ. ಅಪ್ಪ ಕಾಯಿ ಕಟ್ಟಿದ. ‘ನಾನೂ ಒಂದು ಕಟ್ಲಾಪ್ಪ?’ ಎಂದಳು ಮಗಳು. ಅವನಿಗೆ ಕಣ್ಣು ತುಂಬಿ ಬಂತು. ನನ್ನ ಮಗಳಿಗೂ ಎಷ್ಟು ಆಸೆ ಇದೆ ನೋಡು ಎಂದುಕೊಂಡ. ಇನ್ನೊಂದು ಕಾಯಿ ತಂದುಕೊಟ್ಟ.

ಪ್ರದಕ್ಷಿಣೆ ಶುರುವಾಯಿತು. ಮೊದಲ ದಿನ ಅಪ್ಪ ಜೊತೆಯಲ್ಲೇ ಸುತ್ತಿದ. ಮಾರನೆಯ ದಿನ, ‘ಹೇಗೂ ಸುತ್ತು ಹಾಕ್ತೀಯ, ಸ್ವಲ್ಪ ಬಿರುಸಾಗಿ ಹಾಕು ಪುಟ್ಟಿ, ಸ್ಟ್ಯಾಮಿನಾ ಬರತ್ತೆ’ ಎಂದ. ಅದರ ಮಾರನೆಯ ದಿನ ಫೋನ್ ತೆಗೆದು ಟೈಮ್ ಹಿಡಿದ. ನಗಬೇಡಿ. ದೇವರ ಪ್ರದಕ್ಷಿಣೆಗೆ ಸ್ಟಾಪ್‌ವಾಚ್. ಪಾಪ, ನಿಧಾನವಾಗಿ ಸುತ್ತುತ್ತಿದ್ದ ಮುದುಕಿಯರು ಗೋಡೆಗೆ ಒತ್ತಿಕೊಂಡು ಆ ಮಗುವಿಗೆ ದಾರಿ ಬಿಡುತ್ತಿದ್ದರು.

ಹೀಗಿರುವಾಗ ಒಂದು ದಿನ ಅವನು ಕಾರು ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಮಗಳು ಅರ್ಚಕರ ಹತ್ತಿರ ಮಾತಾಡುತ್ತಿದ್ದಳು. ಕಂಬದ ಈಚೆ ನಿಂತವನಿಗೆ ಎಲ್ಲ ಕೇಳಿಸಿತು.

‘ತಾತ, ಇಬ್ರು ಬೇರೆ ಬೇರೆ ಕೇಳ್ಕೊಂಡಿದ್ರೆ ದೇವ್ರು ಯಾರ್ದು ನಡೆಸಿಕೊಡ್ತಾನೆ?’

‘ಯಾರ್ಯಾರಮ್ಮ?’

‘ನಾನು, ನಮ್ಮಪ್ಪ. ಅಪ್ಪಂದು ನಾನು ಸೆಲೆಕ್ಟ್ ಆಗೋದು, ಹೇಳ್ದಿದ್ರೂ ನಂಗೊತ್ತು.’

‘ನಿಂದು?’

‘ಹೇಳಬಾರ್ದಲ್ಲ.’ ಆದರೆ ತಡೆಯಲಾಗಲಿಲ್ಲ. ‘ನನ್ ಕಾಲು ಉಳುಕಲಿ ಅಂತ. ಮುರೀಬಾರ್ದು. ಮುರಿದ್ರೆ ಅಮ್ಮ ಅಳ್ತಾಳೆ. ಉಳುಕಿದ್ರೆ ಸಾಕು. ಆಗ ಅಪ್ಪಂಗೂ ನನ್ ಮೇಲೆ ಬೇಜಾರಾಗಲ್ಲ, ದೇವ್ರೇ ಹಿಂಗೆ ಮಾಡ್ಬಿಟ್ಟ ಅಂದ್ಕೋತಾರೆ.’

ಕೇಳಿಸಿತೇ? ನನ್ನ ಕಾಲು ನೋಯಲಿ, ಅಪ್ಪನ ಮನಸ್ಸು ನೋಯದಿರಲಿ. ಹನ್ನೊಂದು ವರ್ಷದ ಮಗು ದೇವರ ಮುಂದೆ ಕೇಳಿಕೊಂಡದ್ದು ಇದು. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮರುಕ್ಷಣವೇ ಆ ತಂದೆಯ ಮೇಲೆ ಕರುಣೆಯೂ ಬರುತ್ತದೆ.

ಅರ್ಚಕರು ತೀರ್ಥ ಕೊಟ್ಟು ತಲೆ ಸವರಿದರು. ಅಪ್ಪ ಬಂದು ಮಗಳ ಪಕ್ಕ ಬರೀ ನೆಲದ ಮೇಲೆ ಕೂತ.

‘ಪುಟ್ಟಿ, ಫುಟ್‌ಬಾಲ್ ಬೇಡ್ವಾ ನಿಂಗೆ?’

‘ಗೊತ್ತಿಲ್ಲಪ್ಪ. ಮುಂಚೆ ಬೇಕಿತ್ತು.’

ಅವಳು ಹೇಳಿದ್ದು ಇಷ್ಟೇ. ವ್ಯಾಪಾರದಲ್ಲಿ ಯಾರಿಗೂ ಬಗ್ಗದ ಮನುಷ್ಯ ಗುಡಿಯಲ್ಲಿ ಕೂತು ಅತ್ತುಬಿಟ್ಟ. ಆಮೇಲೆ ಎದ್ದು, ‘ಸ್ವಾಮಿ, ನನ್ನ ಕಾಯಿ ಬಿಚ್ಚಿಕೊಡಿ’ ಎಂದ.

‘ಅವಧಿ ಮುಗಿದಿಲ್ವಲ್ಲಪ್ಪ. ಮಧ್ಯದಲ್ಲಿ ಬಿಚ್ಚೋ ಹಾಗಿಲ್ಲ.’

‘ದೋಷ ಬಂದ್ರೆ ನನಗೇ ಬರ್ಲಿ. ಬೇಕಾದ್ರೆ ನನ್ನ ಕಾಲೇ ಉಳುಕಲಿ. ಬಿಚ್ಚಿ ಸ್ವಾಮಿ.’

ಮಗಳಿಗೆ ನಗು ಬಂತು. ‘ನಂದೂ ಬಿಚ್ಚಿ ತಾತ’ ಎಂದಳು. ಎರಡೂ ಕಾಯಿ ಮನೆಗೆ ಬಂದವು. ತಾಯಿ ಒಡೆದು ಕಾಯಿ ಹೋಳಿಗೆ ಮಾಡಿದಳು. ಹುಡುಗಿ ಎಷ್ಟೋ ದಿನಗಳ ಮೇಲೆ ಕೇಳಿ ಬಡಿಸಿಕೊಂಡು ತಿಂದಳು.

ರಾಜ್ಯ ತಂಡ ಏನಾಯಿತು ಅಂತೀರಾ? ಬೇರೆ ಮಕ್ಕಳು ಹೋದರು, ಅವರಿಗೆ ಒಳ್ಳೆಯದಾಗಲಿ. ಇವಳು ತಿಂಗಳುಗಟ್ಟಲೆ ಚೆಂಡು ಮುಟ್ಟಲಿಲ್ಲ. ಅಪ್ಪ ಯಾಕೆ ಎಂದು ಕೇಳಲಿಲ್ಲ. ಕೇಳದೆ ಇರುವುದಿದೆಯಲ್ಲ, ಅದು ಅವನು ಮಾಡಿದ ನಿಜವಾದ ತಪಸ್ಸು. ಒಂದು ಸಂಜೆ ಬೀದಿಯ ಮಕ್ಕಳು ಕರೆದರು, ಬರಿಗಾಲಲ್ಲೇ ಓಡಿದಳು. ಅಪ್ಪ ಬಾಲ್ಕನಿಯಲ್ಲಿದ್ದ. ‘ಎಡಗಡೆ ಪಾಸ್ ಮಾಡು’ ಎಂಬ ಮಾತು ಗಂಟಲಿನವರೆಗೆ ಬಂತು. ನುಂಗಿಕೊಂಡ. ಕತ್ತಲಾಗುವ ಹೊತ್ತಿಗೆ ಮೈಯೆಲ್ಲ ಧೂಳು ಮಾಡಿಕೊಂಡು ಬಂದಳು.

‘ಎಷ್ಟು ಗೋಲು ಅಂತ ಕೇಳಲ್ವಾಪ್ಪ?’

‘ಇಲ್ಲಮ್ಮ. ಹಸಿವಾಯ್ತಾ?’

‘ತುಂಬಾ’ ಎಂದು ನಗುತ್ತಾ ಅಡುಗೆಮನೆಗೆ ಹೋದಳು.

ಕಥೆ ಮುಗಿಯಿತು. ಈಗ ನಿಮ್ಮ ಸರದಿ. ನಮ್ಮ ಮಗು ಫುಟ್‌ಬಾಲ್ ಆಡುವುದಿಲ್ಲ, ನಾವು ಬಚಾವ್ ಅಂದುಕೊಂಡಿರಾ? ನಿಮ್ಮದು ಈಜು, ಇವರದು ಭರತನಾಟ್ಯ, ಅಲ್ಲಿ ಕೂತವರದು ಅಬಾಕಸ್. ಬಿಡಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಆಡಿಸಿ, ಕಲಿಸಿ. ಆದರೆ ವಾರದಲ್ಲಿ ಒಂದು ದಿನ ಯಾವ ಕ್ಲಾಸೂ ಬೇಡ, ಆ ದಿನ ಮಗುವಿನದು. ಕರೆದುಕೊಂಡು ಬರುವ ದಾರಿಯಲ್ಲಿ ಸೋಲು ಗೆಲುವಿನ ಮಾತು ಬೇಡ, ಮಗುವೇ ಎತ್ತಿದರೆ ಕೇಳಿಸಿಕೊಳ್ಳಿ. ಹೊಟ್ಟೆನೋವು ಎಂದರೆ ನಾಟಕ ಎನ್ನಬೇಡಿ. ಮಕ್ಕಳಿಗೆ ಸಾಕಾಗಿದೆ ಎಂದು ಹೇಳುವ ಧೈರ್ಯ ಇರುವುದಿಲ್ಲ, ಅದಕ್ಕೇ ಹೊಟ್ಟೆ ನೋಯುತ್ತದೆ.

ಇನ್ನು ಸ್ವಲ್ಪ ಹೊತ್ತಿಗೆ ಮಂಗಳಾರತಿ. ಕೈ ಮುಗಿದು ಆದ ಮೇಲೆ ಪಕ್ಕದಲ್ಲಿರುವ ಮಗುವನ್ನು ಕೇಳಿ, ಏನು ಬೇಡಿಕೊಂಡೆ ಅಂತ. ಹೇಳಿದರೆ ಬೈಯಬೇಡಿ. ‘ಏನಿಲ್ಲ’ ಎಂದು ನಿಮ್ಮ ಮುಖ ನೋಡಿದರೆ ಮತ್ತೆ ಕೇಳಬೇಡಿ. ಮನೆಗೆ ಹೋಗಿ, ಬೆಳಗಿನ ಅಲಾರಂ ತೆಗೆದುಬಿಡಿ. ನಾಳೆ ಒಂದು ದಿನ ಮಗು ನೆಮ್ಮದಿಯಾಗಿ ಮಲಗಲಿ.