ಜೇಬಿಗೆ ಹಿಡಿಸೋ ಪಿಸ್ತೂಲು

ನಗಬೇಡ ಟ್ವೈಲಾ, ಕೈ ಚಾಚು ಅಂದೆ. ನಾನೇನು ಭವಿಷ್ಯ ಹೇಳೋಳಾ, ಅಂಗೈ ತೋರಿಸ್ತೀಯ? ಬೆರಳು, ಬೆರಳು ಬಿಚ್ಚು... ನೋಡು, ಕೋಳಿ ಕಾಲು. ಸೊಸೆ ಅಂತ ಮನೆಗೆ ಬಂದ ದಿನವೇ ಅಂದ್ಕೊಂಡೆ, ಈ ಹುಡುಗಿ ಕೈಲಿ ಒಂದು ಬ್ರೆಡ್ಡಿನ ಹಿಟ್ಟೂ ನಾದೋಕಾಗಲ್ಲ ಅಂತ. ಈಗ ಅದೇ ಕೈಗೆ ಹಿಡಿಸೋ ಪಿಸ್ತೂಲು ಹುಡುಕ್ತಾ ಕೂತಿದೀನಿ, ನನ್ನ ಹಣೆಬರಹ.

ಮೆಲ್ಲಗೆ ಯಾಕೆ ಮಾತಾಡಬೇಕು? ಯಾರೂ ಕೇಳಿಸ್ಕೊಳ್ತಿಲ್ಲ. ಹೋಬಾರ್ಟಣ್ಣ ಆ ಮೂಲೇಲಿ ಜಿಂಕೆ ಬೇಟೆಯವರ ಜೊತೆ ಹರಟೆಗೆ ನಿಂತ. ಅವರಿಗೆ ವರ್ಷಕ್ಕೊಂದು ನವೆಂಬರ್ ಬಂದ್ರೆ ಸಾಕು, ಅವನಿಗೆ ಅವರು ಬಂದ್ರೆ ಸಾಕು. ಅವನು ಬರೋದ್ರೊಳಗೆ ನಾವು ಒಂದು ತೀರ್ಮಾನಕ್ಕೆ ಬಂದಿರಬೇಕು. ಬಂದ್ರೆ ದೊಡ್ಡದನ್ನೇ ನಿನ್ನ ತಲೆಗೆ ಕಟ್ತಾನೆ. ಅಂಗಡಿಯವನು ಅಲ್ವಾ.

ಸರಿ, ಈ ಕರೀದು ಮೊದಲು. ತೆಳ್ಳಗಿದೆ, ಜೀನ್ಸ್ ಜೇಬಲ್ಲಿದ್ರೂ ಯಾರಿಗೂ ಗೊತ್ತಾಗಲ್ಲ. ಮೇಲಿನ ಭಾಗ ಹಿಂದಕ್ಕೆಳಿ. ಎಳಿ... ಇನ್ನೂ ಎಳಿ. ನೋಡಿದ್ಯಾ, ಅರ್ಧಕ್ಕೇ ನಿಂತುಹೋಯ್ತು. ಅಭ್ಯಾಸ ಆದ್ರೆ ಬರುತ್ತೆ ಅಂತಾನೆ ಹೋಬಾರ್ಟಣ್ಣ. ನಿನಗೆ ಯಾವುದು ಅಭ್ಯಾಸ ಆಗಿದೆ ಹೇಳು? ಕಾರಿನ ಗೇರು ಹಾಕೋದು ಆಗಲಿಲ್ಲ. ಗಂಡನ ಜೊತೆ ಬಾಳೋದು ಆಗಲಿಲ್ಲ.

ಮುಖ ಯಾಕೆ ತಿರುಗಿಸ್ತೀಯ? ಸುಳ್ಳು ಹೇಳಿದ್ನಾ?

ಇದನ್ನ ಮುಟ್ಟಲೇ ಬೇಡ. ಗೊತ್ತು, ಹೋಬಾರ್ಟಣ್ಣ ಇದನ್ನೇ ಹೊಗಳಿದ್ದು. ಮೂವತ್ತೆಂಟರ ರಿವಾಲ್ವರ್, ಐದು ಗುಂಡು. ಹಿಂದೆ ಕೊಕ್ಕೆ ಇಲ್ಲ, ತೆಗೆಯೋವಾಗ ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳಲ್ಲ, ಒತ್ತಿದ್ರೆ ಹೊಡೆಯುತ್ತೆ, ಮೊಂಡು ಹಿಡಿಯಲ್ಲ. ಎಲ್ಲಾ ಸರಿ. ಆದ್ರೆ ಅಷ್ಟು ಹಗುರಾಗಿದೆಯಲ್ಲ, ಹೊಡೆದಾಗ ಕತ್ತೆ ಒದ್ದ ಹಾಗೆ ಒದೆಯುತ್ತೆ. ನಿನ್ನ ಬಲಗೈ ಮಣಿಕಟ್ಟು ಮೊದಲೇ ಮುರಿದು ಕೂಡಿದ್ದು. ಕಾರಿನ ಬಾಗಿಲಿಗೆ ಸಿಕ್ಕಿ ಮುರೀತು ಅಂತ ಡಾಕ್ಟರ್ ಹತ್ರ ನೀನೇ ಹೇಳಿದ್ದೆ... ಸರಿ, ನಾನೇ ಹೇಳ್ಸಿದೆ. ಆಗ ಹಾಗೆ ಹೇಳಿದ್ದಕ್ಕೇ ಮನೆ ಮಾನ ಉಳೀತು. ಆಮೇಲೆ ದವಡೆ ಮುರಿದಾಗ ನನ್ನ ಮಾತು ಕೇಳಲಿಲ್ಲ, ಪೊಲೀಸರ ಮುಂದೆ ಗಾರ್ಲಂಡ್ ಹೆಸರು ಹೇಳಿದೆ. ದವಡೆಗೆ ತಂತಿ ಕಟ್ಟಿದ್ರೂ ಅದೊಂದು ಹೆಸರು ಹೇಗೆ ಹೊರಗೆ ಬಂತೋ ನಿನ್ನ ಬಾಯಿಂದ. ನನ್ನ ಮಗ ಜೈಲು ಸೇರಿದ.

ನಾನು ಜಗಳಕ್ಕೆ ಬಂದಿಲ್ಲ ಮಗಳೇ. ಜಗಳ ಆಡೋ ಹಾಗಿದ್ರೆ ನೀನು ಆಸ್ಪತ್ರೆಲಿ ಮಲಗಿದ್ದಾಗ ನಿನ್ನ ಮಗು ಜೋಸಿನ ನಾನು ಯಾಕೆ ನೋಡ್ಕೊಳ್ತಿದ್ದೆ? ನಿನ್ನ ಅಮ್ಮ ಬಂದಳಾ? ನೀನು ಗುಡ್ಡದ ಆ ಕಡೆ ಟ್ರೇಲರ್ ಮನೆ ಹಿಡಿದಾಗ ಯಾರಿಗೆ ಗೊತ್ತಿತ್ತು ಆ ವಿಳಾಸ? ನಿನಗೆ, ನನಗೆ. ಅಷ್ಟೇ.

ಅದಕ್ಕೇ ಹೇಳ್ತಿರೋದು, ಈ ಪುಟ್ಟದನ್ನ ತಗೋ. ಇಪ್ಪತ್ತೆರಡರದು. ಎಷ್ಟು ಮುದ್ದಾಗಿದೆ ನೋಡು, ಲಿಪ್‌ಸ್ಟಿಕ್ ಡಬ್ಬಿ ಥರ. ಇಲ್ಲಿ ಒತ್ತಿದ್ರೆ ನಳಿಕೆ ತಾನಾಗೇ ಮೇಲೇಳುತ್ತೆ, ಒಂದು ಗುಂಡು ಇಟ್ಟು ಮುಚ್ಚು, ಎಳೆಯೋ ಕೆಲಸವೇ ಇಲ್ಲ. ಒದೆಯಲ್ಲ. ನರ್ಸಿಂಗ್ ಹೋಮಲ್ಲಿ ಮುದುಕರ ಬಟ್ಟೆ ಒಗೆಯೋವಾಗ ಹಾಕ್ಕೊಳ್ತೀಯಲ್ಲ ಏಪ್ರನ್, ಅದರ ಜೇಬಲ್ಲೂ ಕೂರುತ್ತೆ. ಆದ್ರೆ ಒಂದು, ಬರೀ ಜೇಬಿಗೆ ಹಾಕಬೇಡ. ಟ್ರಿಗರ್ ಮುಚ್ಚೋ ಹಾಗೆ ಚರ್ಮದ ಚೀಲ ಕೊಡಿಸ್ತೀನಿ. ಆ ಜೇಬಲ್ಲಿ ಬೀಗದಕೈ, ಚಿಲ್ಲರೆ, ಇನ್ನೇನೂ ಇರಕೂಡದು. ಗಾರ್ಲಂಡನ ಅಪ್ಪ ಬದುಕಿದ್ದಾಗ ನನಗೆ ಹೇಳಿಕೊಟ್ಟಿದ್ದು ಅದು. ಅವರು ಹೇಳಿಕೊಟ್ಟ ಒಳ್ಳೇ ಮಾತು ಅದೊಂದೇ.

ಏನಂದೆ? ಇದರಿಂದ ಯಾರನ್ನ ತಡೆಯೋಕಾಗುತ್ತೆ ಅಂತಲಾ?

ಹೆದರಿಸಿದ್ರೆ ಸಾಲದಾ? ನಿನ್ನ ಟ್ರೇಲರ್ ಕಡೆ ಮನೆಗಳಿಗೆ ನುಗ್ತಾರೆ ಅಂತ ನಾನು ಹೇಳಿದ್ನಲ್ಲ, ನಶೆ ಮಾತ್ರೆ ಕಳ್ಳರು ಕಣೇ ಅವರು, ಯುದ್ಧಕ್ಕೆ ಬರೋರಲ್ಲ. ಪಿಸ್ತೂಲು ಅಂತ ಕಂಡ್ರೆ ಅರ್ಧ ಓಡ್ತಾರೆ, ಸದ್ದು ಕೇಳಿದ್ರೆ ಉಳಿದ ಅರ್ಧ. ಕೊಲ್ಲೋದು ಯಾಕೆ? ಒಂದು ಜೀವ ತೆಗೆದು ಭಾನುವಾರ ಚರ್ಚಿಗೆ ಯಾವ ಮುಖ ಹೊತ್ತು ಬರ್ತೀಯ? ಹಾವೂ ಸಾಯಬಾರದು, ಕೋಲೂ ಮುರೀಬಾರದು. ಚಳಿಗಾಲ ಬೇರೆ, ಎಲ್ಲರೂ ದಪ್ಪ ಕೋಟು ಹಾಕಿರ್ತಾರೆ, ಇಂಥ ಸಣ್ಣ ಗುಂಡು ಅಷ್ಟು ಒಳಗೆ ಇಳಿಯಲ್ಲ... ಅಂದ್ರೆ ಅದೂ ಒಳ್ಳೇದೇ. ನಿನಗೇ ಒಳ್ಳೇದು. ಕೋರ್ಟು ಕಚೇರಿ ತಪ್ಪುತ್ತೆ.

ಹೋಬಾರ್ಟಣ್ಣ ಎದೆಗೆ ಹೊಡಿ ಅಂತಾನೆ. ಅವನಿಗೆ ಜಿಂಕೆ ಮಾತ್ರ ಗೊತ್ತು. ನನ್ನ ಕೇಳಿದ್ರೆ ಕಾಲಿಗೆ ಹೊಡಿ. ಕೆಳಗೆ, ಮಂಡಿಯಿಂದ ಕೆಳಗೆ. ಎಡಗಾಲಿಗೆ ಹೊಡಿ ಟ್ವೈಲಾ, ಬಲ ಮಂಡಿ ಅವನದು ಮೊದಲೇ ಕೆಟ್ಟಿದೆ, ಇನ್ನೊಂದು ಏಟು ಬಿದ್ರೆ ಏಳೋದೇ ಇಲ್ಲ.

ಏನು?

ಏನಂದೆ ನಾನು? ಕಳ್ಳರು ಅಂದೆ. ಕಳ್ಳರ ಮಂಡಿ ಅಂದೆ. ಗಣೀಲಿ ದುಡಿದೋರು ಅಲ್ವಾ ಇಲ್ಲಿ ಎಲ್ಲಾ, ಯಾರ ಮಂಡಿ ನೆಟ್ಟಗಿದೆ? ಮಾತಿಗೆ ಹೇಳಿದೆ.

ಹಾಗೆ ನೋಡಬೇಡ. ಗಾರ್ಲಂಡ್ ಒಳಗಿದಾನೆ, ವಸಂತದವರೆಗೂ ಬರಲ್ಲ, ಎಣಿಸ್ಕೊಂಡು ಕೂತಿರೋಳು ನೀನೇ. ಅವನು ಹೊರಗೆ ಬಂದ್ರೆ ಜೈಲಿನವರು ನಿನಗೆ ಫೋನ್ ಮಾಡ್ತಾರೆ ಅಂತ ನೀನೇ ಹೇಳ್ತಿದ್ದೆ. ಮಾಡೇ ಮಾಡ್ತಾರೆ. ನಂಬರ್ ಬದಲಾಯಿಸಿದೆಯಲ್ಲ ಬೇಸಿಗೇಲಿ, ಹೊಸದನ್ನ ಅವರಿಗೆ ಕೊಟ್ಟಿದೀಯ ತಾನೇ?

ಕೊಟ್ಟಿಲ್ವಾ.

ಮಾತಾಡು. ನಿನ್ನ ಈ ಬಾಯಿ ಮುಚ್ಚಿ ಕೂರೋ ಬುದ್ಧಿಯೇ ಅವನನ್ನ ಕೆರಳಿಸ್ತಿದ್ದಿದ್ದು, ಗೊತ್ತಾ? ಊಟ ಬಡಿಸಿ ಗೋಡೆ ನೋಡ್ತಾ ಕೂತ್ಕೋತಾಳೆ ಅಮ್ಮಾ, ಹೆಣದ ಜೊತೆ ಸಂಸಾರ ಮಾಡಿದ ಹಾಗಿದೆ ಅಂತಿದ್ದ. ನನಗೆ ಆಗ ಅರ್ಥ ಆಗ್ತಿರಲಿಲ್ಲ. ಈಗ ಆಗ್ತಿದೆ. ಏನಾದ್ರೂ ಅನ್ನು. ಅತ್ತೆ ಅಂತ ನೋಡದೆ ಬೈ.

ಆಯ್ತು. ಬಂದಿದಾನೆ. ನಡತೆ ಚೆನ್ನಾಗಿತ್ತಂತೆ, ಬೇಗ ಬಿಟ್ರು. ಈ ವಾರವೇ. ಬಾಗಿಲು ತೆಗೆದ್ರೆ ಮೆಟ್ಟಿಲ ಮೇಲೆ ನಿಂತಿದ್ದ, ಅವರಪ್ಪನ ಹಳೇ ಕೋಟು ಅವನ ಮೈಮೇಲೆ ಜೋತಾಡ್ತಿತ್ತು, ಅಷ್ಟು ಸೊರಗಿದಾನೆ. ಏನು ಮಾಡ್ಲಿ, ಹೆತ್ತ ಹೊಟ್ಟೆ. ಒಳಗೆ ಕರೆದೆ. ಅಡುಗೆಮನೇಲಿ ಕೂತು ಎರಡು ತಟ್ಟೆ ಬೀನ್ಸ್ ಕಾಳಿನ ಸಾರು ತಿಂದ, ಅತ್ತ. ಆಮೇಲೆ ನೀನೆಲ್ಲಿ ಅಂತ ಕೇಳಿದ. ಹೇಳಲ್ಲ ಅಂದೆ. ದೇವರಾಣೆ, ಮೊದಲು ಹೇಳಲ್ಲ ಅಂತಲೇ ಅಂದೆ. ಅವನು ಕೂಗಾಡಲಿಲ್ಲ, ಏನೂ ಮಾಡಲಿಲ್ಲ. ನನ್ನ ಕುರ್ಚಿ ಹಿಂದೆ ಬಂದು ನಿಂತ, ಅಷ್ಟೇ. ನಿನಗೆ ಗೊತ್ತಲ್ಲ ಅವನು ಹಾಗೆ ಹಿಂದೆ ನಿಲ್ಲೋದು.

ಅದಕ್ಕೇ ಇಲ್ಲಿಗೆ ಕರ್ಕೊಂಡು ಬಂದಿದ್ದು ಕಣೇ. ನಿನ್ನ ಬರಿಗೈಲಿ ಬಿಟ್ರೆ ಪಾಪ ಸುತ್ಕೊಳ್ಳುತ್ತೆ, ದೊಡ್ಡದು ಕೊಡಿಸಿದ್ರೆ ಮಗ ಹೋಗ್ತಾನೆ. ಇದಾದ್ರೆ ಇಬ್ಬರೂ ಉಳೀತೀರ. ಅವನು ಬಂದ್ರೆ ಒಂದು ಸಲ ಹೊಡಿ, ಬಿಸಿ ತಾಗ್ಲಿ, ಹಿಂದೆ ಸರೀತಾನೆ. ಆಮೇಲೆ ಕೂತು ಮಾತಾಡಿ. ಗಂಡ ಹೆಂಡತಿ ಅಲ್ವಾ. ಇಷ್ಟು ಯೋಚನೆ ಮಾಡೋ ಅತ್ತೆ ಈ ಊರಲ್ಲಿ ಇನ್ನೊಬ್ಬಳಿದಾಳಾ?

ಕಿಟಕಿ ಕಡೆ ಏನು ನೋಡ್ತಿದೀಯ? ಅಲ್ಲಿ ನನ್ನ ಕಾರು ಬಿಟ್ರೆ ಏನೂ ಇಲ್ಲ.

ಓ. ಹಿಂದಿನ ಸೀಟು. ಜೋಸಿ ಕೂರೋ ಸೀಟು.

ಮಗು ಮನೇಲಿದೆ. ನನ್ನ ಮನೇಲಿ, ಬೆಳಿಗ್ಗೆ ನೀನೇ ಬಿಟ್ಟು ಕೆಲಸಕ್ಕೆ ಹೋದೆಯಲ್ಲ. ಪಕ್ಕದ ಮನೆಯವಳು ನೋಡ್ಕೊಳ್ತಾಳೆ ಅಂತ ನಾನು ಹೇಳಿದೆ, ಹೌದು, ಹೇಳಿದೆ... ಅವನು ಅದರ ಅಪ್ಪ, ಟ್ವೈಲಾ. ಮಗೂಗೆ ಏನೂ ಮಾಡಲ್ಲ. ಯಾವತ್ತೂ ಮಾಡಿಲ್ಲ. ನಿನ್ನ ಕರ್ಕೊಂಡು ಬರೋಕೆ ನಾನು ಹೊರಡೋವಾಗ ಅದರ ಜೊತೆ ನೆಲದ ಮೇಲೆ ಕೂತು ಆಟ ಆಡ್ತಿದ್ದ. ಮಗು ಅವನ ಗುರುತು ಹಿಡೀಲಿಲ್ಲ, ಸ್ವಲ್ಪ ಅತ್ತಿತು. ಸರಿಹೋಗುತ್ತೆ. ಸಂಜೆ ಅವಳನ್ನ ಇಲ್ಲಿಗೇ ಕರ್ಕೊಂಡು ಬಾ ಅಮ್ಮಾ, ಮಗು ಇಲ್ಲಿದ್ರೆ ತಾನಾಗೇ ಬರ್ತಾಳೆ ಅಂದ. ಬರ್ತಾಳೆ ಅಂದೆ ನಾನೂ.

ಫೋನ್ ತೆಗೀಬೇಡ. ಪೊಲೀಸರಿಗೆ ಏನಂತ ಹೇಳ್ತೀಯ, ಮಗು ಅಜ್ಜಿ ಮನೇಲಿದೆ ಅಂತಲಾ? ಬಾಗಿಲ ಮುಂದೆ ಪೊಲೀಸ್ ಗಾಡಿ ನಿಂತ್ರೆ ಅವನು ಏನು ಮಾಡ್ತಾನೆ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಹಾಂ, ಒಳಗಿಡು. ಜಾಣೆ.

ಬಾ ಹೋಬಾರ್ಟಣ್ಣ, ನಮ್ಮದು ಆಯ್ತು. ಈ ಪುಟ್ಟದೇ ಇರಲಿ, ಅದರ ಚರ್ಮದ ಚೀಲವೂ ಕೊಡು. ಅವಳ ಕೈಗೆ ಇದೇ... ಟ್ವೈಲಾ. ಬೆರಳು ತೆಗಿ ಅದರ ಮೇಲಿಂದ. ಅದು ಮೂವತ್ತೆಂಟರದು, ನಿನ್ನ ಮಣಿಕಟ್ಟು ತಾಳಲ್ಲ ಅಂತ ಹೇಳಲಿಲ್ವಾ?

ಅವಳು ತೋರ್ಸಿದ್ದು ಕೊಡಬೇಡ ಹೋಬಾರ್ಟಣ್ಣ. ದುಡ್ಡು ನನ್ನದು, ಹೇಳೋದು ನಾನು. ಅವಳ ಮುಖ ನೋಡು, ಎಲ್ಲಾದ್ರೂ ಭಯ ಇದೆಯಾ? ಭಯ ಇರೋರಿಗೆ ತಾನೇ ಇದನ್ನೆಲ್ಲ ಮಾರೋದು ನೀನು? ಅವಳು ಈಗ ತನ್ನ ಕಾಪಾಡ್ಕೊಳ್ಳೋಕೆ ಅಂತ ಆರಿಸ್ತಿಲ್ಲ, ನನ್ನ ಮಗನಿಗೆ ಅಂತ ಆರಿಸ್ತಿದಾಳೆ.